ಹೃದಯದ ದುಡಿಮೆಯನ್ನು ತಗ್ಗಿಸುವ ಗುಳಿಗೆ

೧೭೯೩ನೆಯ ಇಸವಿ ಅಕ್ಟೋಬರ್ ೧೬ನೆಯ ತಾರೀಖು ಲಂಡನ್ ನಗರದ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಆಡಳಿತ ಮಂಡಲಿಯ ಸಭೆ ಸೇರಿತ್ತು. ಆ ಕಾಲದ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯನೆನಿಸಿದ್ದ ಜಾನ್ ಹಂಟರನಿಗೂ ಸಹೋದ್ಯೋಗಿಗಳಿಗೂ ಅಲ್ಲಿ ಮಾತಿಗೆ ಮಾತು ಬೆಳೆಯಿತು. ಹಂಟರನು ಉಕ್ಕಿಬಂದ ಕೋಪವನ್ನು ನುಂಗಿಕೊಂಡು ಪಕ್ಕದ ಕೊಠಡಿಗೆ ಹೋದನು; ಅಲ್ಲಿಯೇ ಕುಸಿದು ಪ್ರಾಣ ಬಿಟ್ಟನು. ಆತನಿಗೆ ಅನೇಕ ವರ್ಷಗಳಿಂದ ಎದೆಶೂಲೆ ಇದ್ದಿತು. ತನ್ನನ್ನು ಕೆಣಕಿ ಸಿಟ್ಟಿಗೆಬ್ಬಿಸಲು ಮನಸ್ಸು ಮಾಡಿದ ಯಾವ ದುಷ್ಟನ ಕೈಯಲ್ಲಾದರೂ ತನ್ನ ಪ್ರಾಣ ಸಿಕ್ಕಿಕೊಂಡಿದೆಯೆಂದು ಆತನೇ ಮೊದಲು ಹೇಳುತ್ತಿದ್ದನಂತೆ.

ಕೋಪಕ್ಕೂ ಎದೆಯ ನೋವಿಗೂ ಸಂಬಂಧವಿದೆಯೆಂದು ಹೀಗೆ ವೈದ್ಯರಿಗೆ ಬಹು ಹಿಂದಿನಿಂದಲೂ ತಿಳಿದಿತ್ತು. ಆದರೆ ಆ ಸಂಬಂಧದ ಸರಪಣಿಯಲ್ಲಿ ಒಂದು ಕೊಂಡಿಯನ್ನು ಕತ್ತರಿಸುವ ಉಪಾಯ ಕೈಗೆ ಸಿಕ್ಕಿದ್ದು ಹಂಟರನು ತೀರಿಕೊಂಡ ಸುಮಾರು ನೂರ ಎಪ್ಪತ್ತು ವರ್ಷಗಳ ಮೇಲೆ. ಇಂದು ನಮ್ಮ ಊರೂರಿನ ಔಷಧದ ಅಂಗಡಿಗಳಲ್ಲಿ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಬಿಸೊಪ್ರೊಲಾಲ್ ಎಂಬ ಹೆಸರುಗಳಿಂದ ದೊರೆಯುವ ಗುಳಿಗೆಗಳು ಆ ಉಪಾಯದ ಫಲ. ಇವುಗಳನ್ನು ವೈದ್ಯರು ಬೀಟಾ ಬ್ಲಾಕರ್ ಎಂದು ಕರೆಯುವರು; ನಾವು ಈ ಲೇಖನದಲ್ಲಿ ಬೀಟಾ ನಿರೋಧಕ ಎನ್ನೋಣ. ರಕ್ತದ ಒತ್ತಡಕ್ಕೆಂದೋ ಎದೆನೋವಿಗೆಂದೋ ಇವನ್ನು ದಿನವೂ ನುಂಗುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಗುಳಿಗೆಯು ಒಳಗೆ ಹೋಗಿ ಮಾಡುವುದೇನು ಎಂಬುದನ್ನು ಮಾತ್ರ ಬಲ್ಲವರು ಕಡಮೆ. ಬಲ್ಲದಿರುವುದರಿಂದ ಅಪಾಯವೂ ಉಂಟು. ಅದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡೆವು. ಆ ಸಂಗತಿಯನ್ನು ಮುಂದೆ ಹೇಳುವೆವು.

ನಾವು ಭೌತಶಾಸ್ತ್ರವನ್ನು ಬೋಧಿಸುವವರು, ವೈದ್ಯರಲ್ಲ. ಆದುದರಿಂದ ಹೃದಯವನ್ನು ಮೊದಲು ಒಂದು ಪಂಪಿನಂತೆ ಭಾವಿಸಿ ಲೆಕ್ಕ ಹಾಕುವುದು ನಮಗೆ ಸುಲಭ. ಆರೋಗ್ಯವಂತನಾದ ಮನುಷ್ಯನು ಸುಮ್ಮನೆ ಕುಳಿತಿರುವಾಗ ಅವನ ಹೃದಯ ನಿಮಿಷಕ್ಕೆ ಸುಮಾರು ೭೦ ಸಲ ಬಡಿಯುವುದು. ಪ್ರತಿ ಬಡಿತಕ್ಕೂ ೭೦ ಮಿಲಿಲೀಟರಿನಷ್ಟು ರಕ್ತವನ್ನು ಮಹಾಧಮನಿಗೆ ತಳ್ಳುವುದು. ಎಂದರೆ ನಿಮಿಷಕ್ಕೆ ಸುಮಾರು ೫ ಲೀಟರು. ಧಮನಿಗಳಲ್ಲಿ ಸರಾಸರಿ ೧೦೦ ಮಿಲಿಮೀಟರು ಪಾದರಸದ ಒತ್ತಡವಿದೆ ಎಂದಿಟ್ಟುಕೊಂಡರೆ, ಈ ಒತ್ತಡದ ಎದುರಾಗಿ ೫ ಲೀಟರನ್ನು ತಳ್ಳಲು ನಿಮಿಷಕ್ಕೆ ಸುಮಾರು ೬೭ ಜೂಲ್ ಕೆಲಸವಾಗಬೇಕು. ಹೃದಯದ ಎಡಭಾಗದ ಸಾಮರ್ಥ್ಯ ಹೀಗೆ ಒಂದು ವಾಟಿಗಿಂತ ಕೊಂಚ ಹೆಚ್ಚು ಅಷ್ಟೆ. ಮಲಗುವ ಕೋಣೆಯ ರಾತ್ರಿದೀಪಕ್ಕೂ ಇದು ಸಾಲದು ಎಂದು ವಾಚಕರು ನಗಬಹುದು. ಆದರೆ ದೀಪವನ್ನು ಬೆಳಗ್ಗೆ ಆರಿಸುತ್ತೇವೆ, ಹೃದಯವನ್ನು ಆರಿಸುವಂತಿಲ್ಲ. ದಿನದ ಲೆಕ್ಕ ಹಿಡಿದರೆ ಈ ಒಂದು ವಾಟು ಹತ್ತು ಟನ್ ಭಾರವನ್ನು ಒಂದು ಮೀಟರು ಮೇಲಕ್ಕೆತ್ತುವಷ್ಟು ಕೆಲಸವಾಗುವುದು. ಬಡಿತಗಳ ಸಂಖ್ಯೆ ದಿನಕ್ಕೆ ಒಂದು ಲಕ್ಷವನ್ನು ದಾಟುವುದು.

ಕೆಲಸ ಮಾಡುವ ಸ್ನಾಯುವಿಗೆ ಆಮ್ಲಜನಕ ಬೇಕು. ಹೃದಯವು ತನ್ನೊಳಗೆ ಲೀಟರುಗಟ್ಟಲೆ ರಕ್ತವನ್ನು ಹಾಯಿಸಿದರೂ ಆ ರಕ್ತದಿಂದ ನೇರವಾಗಿ ಉಣ್ಣಲಾರದು. ಮಹಾಧಮನಿಯ ಬುಡದಲ್ಲಿ ಕವಲೊಡೆದು ಹೃದಯದ ಮೇಲ್ಮೈಯನ್ನು ಕಿರೀಟದಂತೆ ಬಳಸಿರುವ ಎರಡು ಧಮನಿಗಳ ಮೂಲಕವೇ ಅದಕ್ಕೆ ಆಹಾರ ಸಲ್ಲಬೇಕು. ಇವುಗಳಿಗೆ ಕಿರೀಟ ಧಮನಿಗಳೆಂದು ಹೆಸರು. ಶರೀರದ ಇತರ ಅಂಗಗಳು ರಕ್ತದಲ್ಲಿರುವ ಆಮ್ಲಜನಕದಲ್ಲಿ ಸರಾಸರಿ ಕಾಲು ಭಾಗವನ್ನು ತೆಗೆದುಕೊಂಡು ಉಳಿದುದನ್ನು ಹಿಂದಕ್ಕೆ ಬಿಡುವುವು. ಹೃದಯವು ಹಾಗಲ್ಲ, ಸುಮ್ಮನಿರುವಾಗಲೇ ಮುಕ್ಕಾಲು ಭಾಗಕ್ಕೆ ಸಮೀಪದಷ್ಟನ್ನು ಹೀರಿಬಿಡುವುದು. ಹೀಗಿರಲಾಗಿ ಅದಕ್ಕೆ ಹೆಚ್ಚಿನ ಆಮ್ಲಜನಕ ಬೇಕಾದಾಗ ಅದೇ ರಕ್ತದಿಂದ ಇನ್ನಷ್ಟು ಹಿಂಡಿಕೊಳ್ಳಲು ಏನೂ ಉಳಿದಿರುವುದಿಲ್ಲ. ಹೆಚ್ಚು ರಕ್ತವೇ ಹರಿದುಬರಬೇಕು.

ಕಷ್ಟ ಇರುವುದು ಇಲ್ಲಿಯೇ. ಒಂದು ಕೊಳವೆಯಲ್ಲಿ ಹರಿಯುವ ದ್ರವದ ಪರಿಮಾಣ ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದೆಂದು ಪ್ವಾಸೆಯ ನಿಯಮ ಹೇಳುವುದು. ತ್ರಿಜ್ಯ ಅರ್ಧವಾದರೆ, ಉಳಿದುದೆಲ್ಲ ಮೊದಲಿನಂತೆಯೇ ಇದ್ದಲ್ಲಿ, ಹರಿವು ಹದಿನಾರರಲ್ಲಿ ಒಂದು ಪಾಲಾಗುವುದು. ಕಿರೀಟ ಧಮನಿಯ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಇಕ್ಕಟ್ಟಾದಾಗ ಮುಂದಿನ ಸಣ್ಣ ಕವಲುಗಳು ಹಿಗ್ಗಿ ಸ್ವಲ್ಪಕಾಲ ನಷ್ಟವನ್ನು ತುಂಬಿಕೊಡುವುವು; ಅದರಿಂದಲೇ ಕುಳಿತಿರುವಾಗ ರೋಗಿಗೆ ಏನೂ ತೋರುವುದಿಲ್ಲ. ಅವನು ಮೆಟ್ಟಿಲು ಹತ್ತಲಿ, ಬಸ್ಸು ಹಿಡಿಯಲು ಓಡಲಿ, ಹಂಟರನಂತೆ ಕೋಪಿಸಿಕೊಳ್ಳಲಿ, ಆಗ ಹೃದಯದ ಬೇಡಿಕೆ ಏರುವುದು, ಪೂರೈಕೆ ಏರಲಾರದು. ಎದೆಯನ್ನು ಹಿಂಡಿದಂಥ ನೋವು ಕಾಣಿಸಿಕೊಳ್ಳುವುದು. ಇದೇ ಎದೆಶೂಲೆ.

ಹತ್ತೊಂಬತ್ತನೆಯ ಶತಮಾನದ ವೈದ್ಯರು ಇದಕ್ಕೆ ಕಂಡುಕೊಂಡ ಔಷಧಗಳು ರಕ್ತನಾಳಗಳನ್ನು ಹಿಗ್ಗಿಸುವಂಥವು. ೧೮೬೭ರಲ್ಲಿ ಲಾಡರ್ ಬ್ರಂಟನ್ ಎಂಬಾತನು ಅಮೈಲ್ ನೈಟ್ರೈಟನ್ನು ಮೂಸಿಸಿ ನೋವನ್ನು ಶಮನ ಮಾಡಿದನು. ೧೮೭೯ರಲ್ಲಿ ವಿಲಿಯಂ ಮರಲ್ ಎಂಬಾತನು ನೈಟ್ರೊಗ್ಲಿಸರಿನ್ನಿನಿಂದ ಗುಣ ಕಂಡನು. ಬಂಡೆಯನ್ನು ಸಿಡಿಸುವ ಡೈನಮೈಟಿನ ಮದ್ದೇ ಎದೆಯ ನೋವಿಗೂ ಮದ್ದಾದುದು ವಿಚಿತ್ರವೇ ಸರಿ. ನಾಲಗೆಯ ಕೆಳಗಿಟ್ಟುಕೊಳ್ಳುವ ಆ ಗುಳಿಗೆ ಇಂದಿಗೂ ಬಳಕೆಯಲ್ಲಿದೆ. ಅಲ್ಲಿಂದ ಮುಂದೆ ಬಹುಕಾಲ ಎಲ್ಲರ ದೃಷ್ಟಿಯೂ ಒಂದೇ ಕಡೆಗೆ ನೆಟ್ಟಿತ್ತು: ಹೃದಯಕ್ಕೆ ಹೆಚ್ಚು ರಕ್ತವನ್ನು ಹೇಗೆ ಒದಗಿಸಬೇಕು?

ಈ ಪ್ರಶ್ನೆಯನ್ನೇ ತಿರುಗಿಸಿ ಹಾಕಿದವರು ಜೇಮ್ಸ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನವರು. ೧೯೨೪ರಲ್ಲಿ ಹುಟ್ಟಿ, ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ, ಕೆಲವು ವರ್ಷ ಸಿಂಗಪುರದಲ್ಲಿ ಪಾಠ ಹೇಳಿ, ಬಳಿಕ ಗ್ಲ್ಯಾಸ್ಗೋ ನಗರದ ಪಶುವೈದ್ಯ ಶಾಲೆಯಲ್ಲಿ ಶರೀರಕ್ರಿಯಾ ವಿಭಾಗವನ್ನು ಕಟ್ಟಿದರು. ಮನೆಯಲ್ಲಿ ವರಮಾನ ಸಾಲದಿದ್ದರೆ ಎರಡು ದಾರಿಗಳಿವೆ: ಒಂದು ಸಂಪಾದನೆಯನ್ನು ಹೆಚ್ಚಿಸುವುದು, ಇನ್ನೊಂದು ಖರ್ಚನ್ನು ಕಡಮೆ ಮಾಡುವುದು. ಧಮನಿಯೇ ಕಲ್ಲಿನಂತೆ ಗಡುಸಾಗಿ ಹಿಗ್ಗಲೊಲ್ಲದಿದ್ದರೆ ಪೂರೈಕೆಯನ್ನು ಹೆಚ್ಚಿಸುವುದೆಂತು? ಹೃದಯದ ಬೇಡಿಕೆಯನ್ನೇ ತಗ್ಗಿಸಬಾರದೇಕೆ? ಬ್ಲ್ಯಾಕ್ ಅವರ ಯೋಚನೆಯೆಲ್ಲ ಇಷ್ಟೇ.

ಬೇಡಿಕೆಯನ್ನು ಏರಿಸುವುದು ಯಾವುದು? ಭಯವಾಗಲಿ ಕೋಪವಾಗಲಿ ಶ್ರಮವಾಗಲಿ ಒದಗಿದಾಗ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ವಸ್ತು ರಕ್ತಕ್ಕೆ ಸೇರುವುದು. ಹೃದಯವನ್ನು ಮುಟ್ಟುವ ನರಗಳ ತುದಿಯಿಂದ ಅದರ ಸಮೀಪ ಬಂಧುವಾದ ನಾರಡ್ರಿನಲಿನ್ ಸ್ರವಿಸುವುದು. ಎರಡೂ ಹೃದಯಕ್ಕೆ ಚಾವಟಿಯಿದ್ದಂತೆ. ಬಡಿತ ಬೇಗಬೇಗನಾಗುವುದು, ಪ್ರತಿ ಬಡಿತವೂ ಬಲವಾಗುವುದು. ಆದರೆ ಇದೇ ಅಡ್ರಿನಲಿನ್ನು ಚರ್ಮದ ರಕ್ತನಾಳಗಳನ್ನು ಕುಗ್ಗಿಸುವುದು, ಶ್ವಾಸನಾಳಗಳನ್ನು ಹಿಗ್ಗಿಸುವುದು. ಒಂದೇ ವಸ್ತು ಒಂದೆಡೆ ಬಿಗಿಸಿ ಇನ್ನೊಂದೆಡೆ ಸಡಿಲಿಸುವುದು ಹೇಗೆ ಎಂಬುದು ದೊಡ್ಡ ತೊಡಕಾಗಿತ್ತು. ೧೯೪೮ರಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದ ವೈದ್ಯಕೀಯ ಕಾಲೇಜಿನಲ್ಲಿದ್ದ ರೇಮಂಡ್ ಆಲ್ಕ್ವಿಸ್ಟ್ ಅವರು ಒಂದು ಸರಳವಾದ ಉತ್ತರ ಕೊಟ್ಟರು. ಅಡ್ರಿನಲಿನ್ನನ್ನೂ ಅದರ ಹತ್ತಿರದ ಕೆಲವು ವಸ್ತುಗಳನ್ನೂ ಬೇರೆ ಬೇರೆ ಅಂಗಗಳ ಮೇಲೆ ಪ್ರಯೋಗಿಸಿ, ಯಾವುದು ಎಷ್ಟು ಪ್ರಬಲವೆಂದು ಅವರು ಕ್ರಮಾಂಕ ಹಾಕಿದರು. ಅಂಗಗಳು ಹಲವಾದರೂ ಕ್ರಮಾಂಕಗಳು ಎರಡೇ ಬಗೆಯಾದವು. ಆದುದರಿಂದ ಜೀವಕೋಶಗಳ ಮೇಲೆ ಅಡ್ರಿನಲಿನ್ನನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಎರಡು ವಿಧವಾಗಿರಬೇಕೆಂದು ಊಹಿಸಿ, ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಹೃದಯದಲ್ಲಿರುವುವು ಬೀಟಾ ಗ್ರಾಹಕಗಳು.

ಈ ಲೇಖನವನ್ನು ಮೊದಲು ಕಳಿಸಿದ ಪತ್ರಿಕೆಯವರು ತಿರಸ್ಕರಿಸಿದರು. ಇನ್ನೊಂದು ಪತ್ರಿಕೆ ಅಚ್ಚುಮಾಡಿತಾದರೂ ಹತ್ತು ವರ್ಷ ಅದನ್ನು ಗಮನಿಸಿದವರು ವಿರಳ. ಗ್ರಾಹಕವನ್ನು ಕಣ್ಣಾರೆ ಕಂಡವರು ಆಗ ಯಾರೂ ಇರಲಿಲ್ಲವಷ್ಟೆ. ಆಲ್ಕ್ವಿಸ್ಟರೇ ಬರೆದ ಒಂದು ಅಧ್ಯಾಯ ಪಠ್ಯಪುಸ್ತಕವೊಂದರಲ್ಲಿ ಬ್ಲ್ಯಾಕ್ ಅವರ ಕಣ್ಣಿಗೆ ಬಿತ್ತು. ತಮಗೆ ಬೇಕಾದ ಬೀಗದ ಕಂಡಿ ಇದೇ ಎಂದು ಅವರು ಅರಿತರು. ಅಡ್ರಿನಲಿನ್ ಎಂಬ ಕೀಲಿಕೈ ತಿರುಗಿದರೆ ಹೃದಯ ಓಡತೊಡಗುವುದು. ಆ ಕಂಡಿಯೊಳಗೆ ಹೊಕ್ಕು ಕೂರುವ, ಆದರೆ ತಿರುಗದ ಇನ್ನೊಂದು ಕೀಲಿಕೈಯನ್ನು ಮಾಡಿದರೆ, ನಿಜವಾದ ಕೀಲಿಕೈಗೆ ಎಡೆ ಸಿಗುವುದಿಲ್ಲ.

೧೯೫೮ರಲ್ಲಿ ಬ್ಲ್ಯಾಕ್ ಅವರು ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯ ಔಷಧ ವಿಭಾಗವನ್ನು ಸೇರಿ, ಚೆಷೈರ್ ಪ್ರಾಂತದ ಆಲ್ಡರ್ಲಿ ಪಾರ್ಕ್ ಎಂಬಲ್ಲಿ ರಸಾಯನಜ್ಞರ ಜೊತೆಗೂಡಿ ಹುಡುಕಾಟಕ್ಕೆ ತೊಡಗಿದರು. ಅದೇ ವರ್ಷ ಅಮೆರಿಕದ ಲಿಲಿ ಕಂಪನಿಯ ಪ್ರಯೋಗಶಾಲೆಯವರು ಗೂರಲು ರೋಗಕ್ಕೆ ಮದ್ದು ಹುಡುಕುತ್ತ, ಅಡ್ರಿನಲಿನ್ನಿನ ಕುಲದ ಐಸೊಪ್ರಿನಲಿನ್ ಅಣುವಿನಲ್ಲಿ ಎರಡು ಕಡೆ ಕ್ಲೋರಿನ್ನನ್ನು ಕೂರಿಸಿ ನೋಡಿದ್ದರು. ಗೂರಲಿಗೆ ಅದು ಕೆಲಸಕ್ಕೆ ಬಾರಲಿಲ್ಲ. ಆದರೆ ಬೀಟಾ ಗ್ರಾಹಕಗಳನ್ನು ಅದು ತಡೆಯುವುದು ಕಂಡುಬಂದಿತು. ಬ್ಲ್ಯಾಕ್ ಅವರಿಗೆ ಇದು ದಾರಿದೀಪವಾಯಿತು. ಒಂದೇ ತೊಂದರೆಯೆಂದರೆ ಆ ಕೀಲಿಕೈ ಪೂರ್ತಿ ಜಡವಾಗಿರಲಿಲ್ಲ. ಕಂಡಿಯಲ್ಲಿ ಕೊಂಚ ತಿರುಗಿ ಹೃದಯವನ್ನು ತಾನೂ ಓಡಿಸುತ್ತಿತ್ತು. ಕ್ಲೋರಿನ್ನಿಗೆ ಬದಲಾಗಿ ಇನ್ನೊಂದು ಇಂಗಾಲದ ಉಂಗುರವನ್ನೇ ಅಂಟಿಸಿದಾಗ ಈ ದೋಷ ಬಹುಮಟ್ಟಿಗೆ ತೊಲಗಿತು. ಹೀಗೆ ಜೋಡಿಸಿದ ಎರಡು ಉಂಗುರಗಳೆಂದರೆ ನ್ಯಾಫ್ತಲೀನಿನ ರಚನೆಯೇ. ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕುವ ನುಸಿಗುಳಿಗೆಯ ಅಸ್ಥಿಪಂಜರ ಹೃದಯದ ಔಷಧಕ್ಕೂ ಒದಗಿತು.

ಪ್ರೊನೆಥಲಾಲ್ ಎಂಬ ಈ ಔಷಧ ರೋಗಿಗಳಿಗೆ ಗುಣಕೊಟ್ಟಿತು. ಆದರೆ ಇಲಿಗಳಿಗೆ ದೀರ್ಘಕಾಲ ಕೊಟ್ಟು ನೋಡಿದಾಗ ಅವುಗಳ ಎದೆಯ ಥೈಮಸ್ ಗ್ರಂಥಿಯಲ್ಲಿ ಗೆಡ್ಡೆಗಳು ಕಾಣಿಸಿಕೊಂಡವು. ಅದನ್ನು ಕೈಬಿಡಬೇಕಾಯಿತು. ಅಷ್ಟರಲ್ಲಿ ರಸಾಯನಜ್ಞರು ಉಂಗುರಕ್ಕೂ ಬಾಲಕ್ಕೂ ನಡುವೆ ಒಂದು ಆಮ್ಲಜನಕ ಪರಮಾಣುವನ್ನು ಸೇರಿಸಿ ಇನ್ನೊಂದು ಅಣುವನ್ನು ಸಿದ್ಧಪಡಿಸಿದ್ದರು. ಅದು ಮೊದಲಿನದಕ್ಕಿಂತ ಹಲವು ಪಾಲು ಪ್ರಬಲ; ಇಲಿಗಳಲ್ಲಿ ಗೆಡ್ಡೆಯೂ ಬರಲಿಲ್ಲ. ಇದೇ ಪ್ರೊಪ್ರನೊಲಾಲ್. ೧೯೬೪ರಲ್ಲಿ ಇದರ ವಿವರ ಪ್ರಕಟವಾಗಿ ೧೯೬೫ರಲ್ಲಿ ಇಂಡೆರಾಲ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಬ್ಲ್ಯಾಕ್ ಅವರು ಇದೇ ತರ್ಕವನ್ನು ಹೊಟ್ಟೆಯ ಹುಣ್ಣಿಗೂ ಹೂಡಿ ಸಿಮೆಟಿಡಿನ್ ಎಂಬ ಔಷಧಕ್ಕೆ ಕಾರಣರಾದರು. ೧೯೮೮ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ಸಂದಿತು.

ಔಷಧವು ಎದೆಶೂಲೆಯನ್ನು ತಗ್ಗಿಸುವ ಬಗೆಯಲ್ಲಿ ಭೌತಶಾಸ್ತ್ರದವರಿಗೆ ಇಷ್ಟವಾಗುವ ಒಂದು ಸೂಕ್ಷ್ಮವಿದೆ. ಹೃದಯವು ಸಂಕುಚಿಸಿದಾಗ ಅದರ ಬಿಗಿದ ಸ್ನಾಯುವೇ ತನ್ನೊಳಗೆ ಹಾದುಹೋಗುವ ಕಿರೀಟ ಧಮನಿಯ ಕವಲುಗಳನ್ನು ಹಿಸುಕಿಬಿಡುವುದು. ಆದುದರಿಂದ ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹರಿಯುವುದು ಮುಖ್ಯವಾಗಿ ಎರಡು ಸಂಕೋಚನಗಳ ನಡುವಣ ವಿರಾಮದಲ್ಲಿ. ಎಲ್ಲರಿಗೂ ಬಡಿಸಿದ ಅಡಿಗೆಯವನು ಪಂಕ್ತಿ ಎದ್ದ ಮೇಲೆ ತಾನು ಉಣ್ಣುವಂತೆ, ಹೃದಯವೂ ತನ್ನ ಕೆಲಸದ ಬಿಡುವಿನಲ್ಲಿ ಉಣ್ಣುವುದು. ನಾಡಿ ೬೦ ಇದ್ದಾಗ ಒಂದು ಬಡಿತಕ್ಕೆ ಒಂದು ಸೆಕೆಂಡು. ಅದರಲ್ಲಿ ಸಂಕೋಚನಕ್ಕೆ ಸುಮಾರು ಮೂರರಲ್ಲಿ ಒಂದು ಪಾಲು ಹೋದರೆ ಎರಡು ಪಾಲು ವಿರಾಮ. ನಿಮಿಷಕ್ಕೆ ೪೦ ಸೆಕೆಂಡು ಊಟದ ಹೊತ್ತು. ನಾಡಿ ೧೨೦ಕ್ಕೆ ಏರಿದಾಗ ಬಡಿತಕ್ಕೆ ಅರ್ಧ ಸೆಕೆಂಡು ಮಾತ್ರ. ಸಂಕೋಚನದ ಕಾಲ ಅಷ್ಟಾಗಿ ಕುಗ್ಗಲಾರದು; ಕಾಲು ಸೆಕೆಂಡಾದರೂ ಅದಕ್ಕೆ ಬೇಕು. ವಿರಾಮಕ್ಕೆ ಉಳಿಯುವುದು ಇನ್ನೊಂದು ಕಾಲು ಸೆಕೆಂಡು. ನಿಮಿಷಕ್ಕೆ ೩೦ ಸೆಕೆಂಡು. ಕೆಲಸ ಇಮ್ಮಡಿಯಾದಾಗಲೇ ಊಟದ ಹೊತ್ತು ಕಾಲುಪಾಲು ಕಡಮೆಯಾಯಿತು! ಬೀಟಾ ನಿರೋಧಕವು ನಾಡಿಯನ್ನು ನಿಧಾನಗೊಳಿಸಿ ಖರ್ಚನ್ನು ತಗ್ಗಿಸುವುದಲ್ಲದೆ, ಕೇಳದೆಯೇ ವರಮಾನವನ್ನೂ ಸ್ವಲ್ಪ ಹೆಚ್ಚಿಸಿಕೊಡುವುದು.

ರಕ್ತದ ಒತ್ತಡಕ್ಕೆ ಈ ಔಷಧ ಒದಗಿದುದು ಆಕಸ್ಮಿಕ. ಲಂಡನ್ನಿನ ಬ್ರಯನ್ ಪ್ರಿಚರ್ಡ್ ಎಂಬ ವೈದ್ಯರು ಎದೆಶೂಲೆಯ ರೋಗಿಗಳಿಗೆ ಇದನ್ನು ಕೊಡುತ್ತಿರುವಾಗ ಅವರ ಒತ್ತಡವೂ ವಾರಗಳು ಕಳೆದಂತೆ ಇಳಿಯುವುದನ್ನು ಕಂಡು ೧೯೬೪ರಲ್ಲಿ ಪ್ರಕಟಿಸಿದರು. ಅನೇಕರು ನಂಬಲಿಲ್ಲ. ನಂಬದಿರಲು ಕಾರಣವೂ ಇತ್ತು: ಬೀಟಾ ಗ್ರಾಹಕಗಳು ಸ್ನಾಯುಗಳ ರಕ್ತನಾಳಗಳನ್ನು ಹಿಗ್ಗಿಸುವಂಥವು, ಅವನ್ನು ಮುಚ್ಚಿದರೆ ಒತ್ತಡ ಏರಬೇಕೇ ಹೊರತು ಇಳಿಯಬಾರದು. ಒತ್ತಡವೆಂಬುದು ಹರಿವು ಮತ್ತು ತಡೆ ಇವೆರಡರ ಗುಣಲಬ್ಧ. ಔಷಧ ಕೊಟ್ಟ ಕೂಡಲೆ ಹರಿವು ತಗ್ಗುವುದು, ತಡೆ ಏರುವುದು, ಒತ್ತಡ ಹೆಚ್ಚುಕಡಮೆ ಅಲ್ಲಿಯೇ ನಿಲ್ಲುವುದು. ದಿನಗಳು ಕಳೆದಂತೆ ತಡೆ ಮೆಲ್ಲಗೆ ಹಿಂದಿನ ಮಟ್ಟಕ್ಕೆ ಬರುವುದು. ಆಗ ಒತ್ತಡ ಇಳಿಯುವುದು. ಇದಕ್ಕೆ ಇರುವ ಕಾರಣಗಳಲ್ಲಿ ಮೂತ್ರಪಿಂಡದ ಪಾತ್ರವೊಂದು. ನಾಳಗಳನ್ನು ಬಿಗಿಸುವ ಸರಣಿಗೆ ಮೊದಲ ಕಿಡಿಯಾದ ರೆನಿನ್ ಎಂಬ ವಸ್ತು ಬೀಟಾ ಗ್ರಾಹಕಗಳ ಆಜ್ಞೆಯಿಂದ ಅಲ್ಲಿ ಹೊರಬೀಳುವುದು. ನಿರೋಧಕವು ಆ ಆಜ್ಞೆಯನ್ನೂ ತಡೆಯುವುದು.

ಇದೇ ನರಮಂಡಲದ ಮೇಲೆ ಇನ್ನೊಂದು ತುದಿಯಿಂದ ಕೈಯಿಟ್ಟ ಔಷಧವೊಂದು ನಮ್ಮ ದೇಶದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು. ಸರ್ಪಗಂಧಿಯ ಬೇರಿನಿಂದ ರಕ್ತದ ಒತ್ತಡ ಇಳಿಯುವುದನ್ನು ಮುಂಬಯಿಯ ವೈದ್ಯರಾದ ರುಸ್ತುಂ ಜಾಲ್ ವಕೀಲ್ ಅವರು ೧೯೪೯ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ವರದಿಮಾಡಿ ಜಗತ್ತಿನ ಗಮನವನ್ನು ಸೆಳೆದರು. ಆ ಬೇರಿನ ಸಾರವಾದ ರಿಸರ್ಪಿನ್ ನರಗಳ ತುದಿಯಲ್ಲಿರುವ ನಾರಡ್ರಿನಲಿನ್ ಉಗ್ರಾಣವನ್ನೇ ಬರಿದು ಮಾಡುವುದು. ಬೀಟಾ ನಿರೋಧಕವಾದರೋ ಉಗ್ರಾಣದ ತಂಟೆಗೆ ಹೋಗದೆ, ಸರಕು ಇಳಿಯುವ ಬಾಗಿಲನ್ನು ಮಾತ್ರ ಮುಚ್ಚುವುದು.

ಬಾಗಿಲುಗಳು ಹೃದಯದಲ್ಲಿ ಮಾತ್ರ ಇದ್ದಿದ್ದರೆ ಕಥೆ ಸರಳವಾಗುತ್ತಿತ್ತು. ಬೀಟಾ ಗ್ರಾಹಕಗಳಲ್ಲಿಯೂ ಎರಡು ಉಪವಿಧಗಳಿವೆಯೆಂದು ೧೯೬೭ರಲ್ಲಿ ಗೊತ್ತಾಯಿತು. ಮೊದಲನೆಯವು ಮುಖ್ಯವಾಗಿ ಹೃದಯದಲ್ಲಿ, ಎರಡನೆಯವು ಮುಖ್ಯವಾಗಿ ಶ್ವಾಸನಾಳಗಳಲ್ಲಿ. ಪ್ರೊಪ್ರನೊಲಾಲ್ ಎರಡನ್ನೂ ಭೇದವಿಲ್ಲದೆ ಮುಚ್ಚುವುದರಿಂದ ಗೂರಲು ರೋಗಿಗೆ ಅದು ಉಸಿರು ಕಟ್ಟಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಹೃದಯದ ಬಾಗಿಲನ್ನು ಮಾತ್ರ ಹುಡುಕಿ ಮುಚ್ಚುವ ಔಷಧಕ್ಕಾಗಿ ನಡೆಸಿದ ಶೋಧನೆಯಲ್ಲಿ ಮೊದಲು ದೊರೆತದ್ದು ಪ್ರಾಕ್ಟೊಲಾಲ್. ೧೯೭೦ರಲ್ಲಿ ಬಳಕೆಗೆ ಬಂದ ಅದು ಕೆಲವು ವರ್ಷಗಳಲ್ಲಿ ಹಲವು ರೋಗಿಗಳ ಕಣ್ಣನ್ನು ಒಣಗಿಸಿ ದೃಷ್ಟಿ ಕೆಡಿಸಿತು, ಚರ್ಮವನ್ನು ಕೆಡಿಸಿತು, ಹೊಟ್ಟೆಯ ಒಳಪೊರೆಯನ್ನು ಗಟ್ಟಿಯಾಗಿಸಿತು. ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಇದರ ಸುಳಿವೇ ಇರಲಿಲ್ಲ. ೧೯೭೫ರ ಸುಮಾರಿಗೆ ಆ ಗುಳಿಗೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಔಷಧಗಳ ಚರಿತ್ರೆಯನ್ನು ಬರಿಯ ವಿಜಯಗಳ ಪಟ್ಟಿಯಾಗಿ ಬರೆಯುವವರು ಈ ಪ್ರಕರಣವನ್ನು ಹಾರಿಸಿಬಿಡುವುದುಂಟು. ಅದು ಸರಿಯಲ್ಲವೆಂದು ನಮ್ಮ ಭಾವನೆ. ಬಳಿಕ ಬಂದ ಮೆಟೊಪ್ರೊಲಾಲ್, ಅಟೆನೊಲಾಲ್‌ಗಳಲ್ಲಿ ಈ ದೋಷವಿಲ್ಲ. ಆದರೆ ಅವುಗಳ ಪಕ್ಷಪಾತವೂ ಪೂರ್ಣವಾದುದಲ್ಲ. ಪ್ರಮಾಣ ಹೆಚ್ಚಿದಂತೆ ಶ್ವಾಸನಾಳದ ಬಾಗಿಲನ್ನೂ ಅವು ತಟ್ಟುವುವು. ಗೂರಲು ಇದ್ದವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರೂ ಹಾಗೆಯೇ: ರಕ್ತದಲ್ಲಿ ಸಕ್ಕರೆ ತೀರ ಇಳಿದಾಗ ಎಚ್ಚರಿಸುವ ಎದೆಬಡಿತ, ಕೈನಡುಕ ಎರಡನ್ನೂ ಈ ಔಷಧ ಮರೆಮಾಡುವುದು; ಬೆವರೊಂದೇ ಉಳಿಯುವ ಸೂಚನೆ.

ಕೈನಡುಕವನ್ನು ಅಡಗಿಸುವ ಈ ಗುಣದಿಂದಲೇ ಬಿಲ್ಲುಗಾರಿಕೆ, ಗುರಿಹೊಡೆತದ ಸ್ಪರ್ಧೆಗಳಲ್ಲಿ ಇದು ನಿಷಿದ್ಧ. ೨೦೦೮ರ ಬೀಜಿಂಗ್ ಒಲಿಂಪಿಕ್ ಪಂದ್ಯಗಳಲ್ಲಿ ಪಿಸ್ತೂಲಿನ ಗುರಿಕಾರನೊಬ್ಬನ ದೇಹದಲ್ಲಿ ಪ್ರೊಪ್ರನೊಲಾಲ್ ಸಿಕ್ಕಿ ಅವನು ಗೆದ್ದಿದ್ದ ಎರಡು ಪದಕಗಳನ್ನೂ ಕಿತ್ತುಕೊಂಡರು.

ಎಲ್ಲಕ್ಕಿಂತ ಅಚ್ಚರಿಯ ತಿರುವು ಹೃದಯದ ದೌರ್ಬಲ್ಯಕ್ಕೆ ಸಂಬಂಧಪಟ್ಟದ್ದು. ಸ್ನಾಯು ಸೋತು, ರಕ್ತವನ್ನು ತಳ್ಳಲಾರದೆ, ಕಾಲು ಊದಿಕೊಂಡು ಏದುಸಿರು ಬಿಡುವ ರೋಗಿಗೆ ಬೀಟಾ ನಿರೋಧಕವನ್ನು ಕೊಡಲೇ ಕೂಡದೆಂದು ಪುಸ್ತಕಗಳು ಹೇಳುತ್ತಿದ್ದವು. ಮೊದಲೇ ಬಳಲಿದ ಎತ್ತಿಗೆ ಇನ್ನಷ್ಟು ಬಲ ಕುಂದಿಸುವ ಮದ್ದೇ? ೧೯೭೫ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗಿನಲ್ಲಿ ಫಿನ್ ವಾಗ್‌ಸ್ಟೀನರೂ ಸಂಗಡಿಗರೂ ಅಂಥ ಏಳು ಮಂದಿಗೆ ಎಚ್ಚರದಿಂದ ಕೊಟ್ಟು, ಗುಣ ಕಂಡಿತೆಂದು ಬರೆದರು. ಲೋಕ ಅದನ್ನು ಒಪ್ಪಲು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ೧೯೯೯ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ೨೬೪೭ ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಬಿಸೊಪ್ರೊಲಾಲನ್ನೂ ಇನ್ನೊಂದಕ್ಕೆ ಹುಸಿಗುಳಿಗೆಯನ್ನೂ ಕೊಟ್ಟರು. ಹುಸಿಗುಳಿಗೆಯವರಲ್ಲಿ ನೂರಕ್ಕೆ ೧೭.೩ ಮಂದಿ ಸತ್ತರೆ ಔಷಧದವರಲ್ಲಿ ೧೧.೮ ಮಂದಿ. ಫಲ ಇಷ್ಟು ಸ್ಪಷ್ಟವಾದ ಮೇಲೆ ಹುಸಿಗುಳಿಗೆ ಕೊಡುವುದು ಅನ್ಯಾಯವೆಂದು ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಸೋತ ಹೃದಯವನ್ನು ಶರೀರವು ಅಡ್ರಿನಲಿನ್ನಿನ ಚಾವಟಿಯಿಂದ ಹಗಲಿರುಳೂ ಹೊಡೆಯುತ್ತಿರುವುದು. ಆ ಹೊಡೆತವೇ ಸ್ನಾಯುವನ್ನು ಮತ್ತಷ್ಟು ನವೆಸುವುದು. ಚಾವಟಿಯನ್ನು ಕಸಿದುಕೊಂಡರೆ ಎತ್ತು ತಿಂಗಳುಗಳಲ್ಲಿ ಚೇತರಿಸಿಕೊಳ್ಳುವುದು. ಆದರೆ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ವಾರಗಳ ಅಂತರದಲ್ಲಿ ಏರಿಸಬೇಕು. ಒಮ್ಮೆಲೇ ಕೊಟ್ಟರೆ ಹಳೆಯ ಪುಸ್ತಕಗಳ ಭಯವೇ ನಿಜವಾದೀತು.

ಇನ್ನು ನಮ್ಮ ಮನೆಯ ಸಂಗತಿ. ನಮ್ಮ ಸೋದರಮಾವನವರು ನಿವೃತ್ತ ಉಪಾಧ್ಯಾಯರು. ಎದೆಶೂಲೆಗೂ ರಕ್ತದ ಒತ್ತಡಕ್ಕೂ ಸೇರಿ ಮೂರು ವರ್ಷದಿಂದ ಅಟೆನೊಲಾಲ್ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಮನೆಯಲ್ಲಿದ್ದ ಒತ್ತಡದ ಯಂತ್ರವನ್ನು ಕೈಗೆ ಸುತ್ತಿಕೊಂಡು, "ನೋಡಯ್ಯ ಮೇಷ್ಟ್ರೇ, ೧೨೪ಕ್ಕೆ ೭೮. ನಾಡಿ ೫೮. ನಿನ್ನ ವಯಸ್ಸಿನವರಿಗೂ ಇಷ್ಟು ಚೆನ್ನಾಗಿರೋದಿಲ್ಲ. ಇನ್ನು ಈ ಗುಳಿಗೆ ಯಾಕೆ?" ಎಂದರು. ನಾವು ಅಂಕೆಗಳನ್ನು ನೋಡಿ, "ಹೌದು ಮಾವ, ಎಲ್ಲ ಸರಿಯಾಗಿಯೇ ಇದೆ" ಎಂದೆವು. ಅಂಕೆಗಳು ಸರಿಯಾಗಿರುವುದು ಗುಳಿಗೆಯಿಂದಲೇ ಎಂಬ ಸಾಮಾನ್ಯ ವಿಚಾರ, ಕಾರಣ ಮತ್ತು ಕಾರ್ಯಗಳನ್ನು ಕುರಿತು ದಿನವೂ ತರಗತಿಯಲ್ಲಿ ಉಪನ್ಯಾಸ ಮಾಡುವ ನಮಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಮಾವನವರು ಮರುದಿನದಿಂದ ಗುಳಿಗೆ ಬಿಟ್ಟರು. ಐದನೆಯ ದಿನ ಮಹಡಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತರು. ಆಸ್ಪತ್ರೆಗೆ ಸೇರಿಸಿದಾಗ ನಾಡಿ ೧೧೮. ದೈವವಶದಿಂದ ಬದುಕಿಕೊಂಡರು.

ಗುಳಿಗೆ ಬಿಟ್ಟರೆ ಹಳೆಯ ಸ್ಥಿತಿಗೆ ಮರಳುವುದು ಸಹಜ. ಅದಕ್ಕಿಂತ ಕೆಳಗೆ ಬೀಳುವುದೇಕೆ? ಇದಕ್ಕೆ ವಿವರಣೆಯಿದೆ. ಬಾಗಿಲುಗಳನ್ನು ಬಹುಕಾಲ ಮುಚ್ಚಿಟ್ಟಾಗ ಜೀವಕೋಶಗಳು ಸುಮ್ಮನಿರುವುದಿಲ್ಲ. ಬರಬೇಕಾದ ಆಜ್ಞೆ ಬರಲಿಲ್ಲವೆಂದು ಹೊಸ ಬಾಗಿಲುಗಳನ್ನು ತೆರೆದುಕೊಳ್ಳುವುವು. ಗ್ರಾಹಕಗಳ ಸಂಖ್ಯೆ ಹೆಚ್ಚುವುದು. ಔಷಧ ಇರುವವರೆಗೆ ಅವೂ ಮುಚ್ಚಿರುವುದರಿಂದ ತೊಂದರೆ ತೋರದು. ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಅದು ದೇಹದಿಂದ ತೊಳೆದುಹೋಗುವುದು. ಹೆಚ್ಚಿದ ಬಾಗಿಲುಗಳಾದರೋ ಇನ್ನೂ ಕೆಲವು ದಿನ ಹಾಗೆಯೇ ಇರುವುವು. ಆಗ ಅಡ್ರಿನಲಿನ್ನಿನ ಸಾಮಾನ್ಯ ಪ್ರಮಾಣವೂ ಹೃದಯಕ್ಕೆ ಅತಿಯಾಗುವುದು. ಕಿರೀಟ ಧಮನಿಗಳು ಇಕ್ಕಟ್ಟಾದವರಿಗೆ ಇದು ಹೃದಯಾಘಾತವನ್ನೇ ತರಬಹುದು. ನಿಲ್ಲಿಸಬೇಕಾದ ಪ್ರಸಂಗ ಬಂದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ವಾರ ಎರಡು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಊರಿಗೆ ಹೋದಾಗ ಗುಳಿಗೆಯ ಡಬ್ಬಿಯನ್ನು ಮರೆತು ಹೋಗುವುದೂ ಥಟ್ಟನೆ ನಿಲ್ಲಿಸಿದಂತೆಯೇ.

ಹಾಗೆಂದು ಇದು ಎಲ್ಲರಿಗೂ ಎಲ್ಲ ಕಾಲಕ್ಕೂ ಬೇಕಾದ ಔಷಧವೆಂದು ಯಾರೂ ತಿಳಿಯಬಾರದು. ರಕ್ತದ ಒತ್ತಡ ಮಾತ್ರ ಇದ್ದು ಹೃದಯದ ಬೇರೆ ತೊಂದರೆ ಇಲ್ಲದವರಿಗೆ ಮೊದಲ ಔಷಧವಾಗಿ ಬೀಟಾ ನಿರೋಧಕವನ್ನು ಕೊಡುವ ಪದ್ಧತಿಯನ್ನು ಬ್ರಿಟನ್ನಿನಲ್ಲಿ ೨೦೦೬ರಲ್ಲಿ ಕೈಬಿಟ್ಟರು. ಅದಕ್ಕೆ ಹಿನ್ನೆಲೆಯಾದ ಪರೀಕ್ಷೆಗಳಲ್ಲಿ ೨೦೦೨ರದೊಂದು ಮುಖ್ಯವಾದುದು. ೯೧೯೩ ಮಂದಿಯಲ್ಲಿ ಅಟೆನೊಲಾಲನ್ನು ಲೊಸಾರ್ಟನ್ ಎಂಬ ಇನ್ನೊಂದು ಔಷಧದೊಡನೆ ಹೋಲಿಸಿದರು. ತೋಳಿನಲ್ಲಿ ಅಳೆದ ಒತ್ತಡ ಎರಡರಲ್ಲೂ ಹೆಚ್ಚುಕಡಮೆ ಒಂದೇ ಸಮನಾಗಿ ಇಳಿಯಿತು. ಆದರೂ ಲೊಸಾರ್ಟನ್ ಪಡೆದವರಲ್ಲಿ ಪಾರ್ಶ್ವವಾಯು ಸುಮಾರು ಕಾಲುಪಾಲು ಕಡಮೆ. ಅಳತೆ ಒಂದೇ ಆಗಿ ಫಲ ಬೇರೆಯಾದರೆ ಅಳತೆಯ ಕಡೆಗೇ ತಿರುಗಿ ನೋಡಬೇಕಷ್ಟೆ. ಹೃದಯವು ತಳ್ಳಿದ ರಕ್ತದ ಅಲೆ ಧಮನಿಗಳ ಕವಲುಗಳಿಗೆ ಬಡಿದು, ಕೆರೆಯ ಏರಿಗೆ ಬಡಿದ ತೆರೆಯಂತೆ, ಹಿಂದಿರುಗುವುದು. ವಯಸ್ಸಾದವರ ಗಡುಸಾದ ಧಮನಿಗಳಲ್ಲಿ ಅದರ ವೇಗ ಸೆಕೆಂಡಿಗೆ ಹತ್ತು ಮೀಟರನ್ನು ಮೀರುವುದುಂಟು. ಔಷಧದಿಂದ ಹೃದಯ ನಿಧಾನವಾಗಿ ಸಂಕುಚಿಸುತ್ತಿರುವಾಗ, ಸಂಕೋಚನ ಮುಗಿಯುವ ಮೊದಲೇ ಈ ಮರುಅಲೆ ಬಂದು ಹೊಸ ಅಲೆಯ ಮೇಲೆ ಕೂಡಿಕೊಳ್ಳುವುದು. ಅದರಿಂದ ಮಹಾಧಮನಿಯ ಬುಡದಲ್ಲಿ ಒತ್ತಡ ತೋಳಿನ ಅಂಕೆ ಸೂಚಿಸುವಷ್ಟು ಇಳಿದಿರುವುದಿಲ್ಲ. ಮಿದುಳಿಗೆ ರಕ್ತ ಕವಲೊಡೆಯುವುದು ಅಲ್ಲಿಂದಲೇ. ೨೦೦೬ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಈ ವ್ಯತ್ಯಾಸವನ್ನು ಅಳೆದು, ತೋಳಿನ ಒತ್ತಡ ಒಂದೇ ಇದ್ದರೂ ಮಹಾಧಮನಿಯಲ್ಲಿ ಅಟೆನೊಲಾಲ್ ಪಡೆದವರಿಗೆ ೪ ಮಿಲಿಮೀಟರಿಗೂ ತುಸು ಹೆಚ್ಚು ಒತ್ತಡ ಉಳಿದಿರುವುದನ್ನು ತೋರಿಸಿತು.

ಹೃದಯಾಘಾತವಾದವರ ವಿಷಯದಲ್ಲಿಯೂ ಕಾಲ ಬದಲಾಗಿದೆ. ೧೯೮೧ರಲ್ಲಿ ಮುಗಿದ ಅಮೆರಿಕದ ಪರೀಕ್ಷೆಯಲ್ಲಿ ಪ್ರೊಪ್ರನೊಲಾಲ್ ಮರಣವನ್ನು ನೂರಕ್ಕೆ ೯.೮ರಿಂದ ೭.೨ಕ್ಕೆ ಇಳಿಸಿತ್ತು. ಆದರೆ ಆಗ ಮುಚ್ಚಿದ ಧಮನಿಯನ್ನು ಕೂಡಲೆ ತೆರೆಯುವ ಚಿಕಿತ್ಸೆ ರೂಢಿಯಲ್ಲಿರಲಿಲ್ಲ. ಈಗ ಆ ಚಿಕಿತ್ಸೆ ಪಡೆದು ಹೃದಯದ ಬಲ ಕುಂದದೆ ಉಳಿದ ೫೦೨೦ ಮಂದಿಯಲ್ಲಿ ನಡೆದು ೨೦೨೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೀಟಾ ನಿರೋಧಕದಿಂದ ಗಣನೀಯವಾದ ಲಾಭ ಕಾಣಲಿಲ್ಲ. ೨೦೨೫ರಲ್ಲಿ ಬಂದ ಇತರ ಪರೀಕ್ಷೆಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ; ಚರ್ಚೆ ನಡೆದಿದೆ. ಹೃದಯದ ಬಲ ಕುಂದಿದವರಿಗೆ ಇದು ಬೇಕೆಂಬುದರಲ್ಲಿ ಮಾತ್ರ ಚರ್ಚೆಯಿಲ್ಲ.

ಆಲ್ಕ್ವಿಸ್ಟರು ಊಹಿಸಿದ ಗ್ರಾಹಕದ ಆಕಾರವನ್ನು ಎಕ್ಸ್ ಕಿರಣಗಳಿಂದ ಬಿಡಿಸಿ ತೋರಿಸಲು ೨೦೦೭ರವರೆಗೆ ಕಾಯಬೇಕಾಯಿತು. ಈ ಬಗೆಯ ಗ್ರಾಹಕಗಳ ಮೇಲಿನ ಕೆಲಸಕ್ಕಾಗಿ ರಾಬರ್ಟ್ ಲೆಫ್ಕೊವಿಟ್ಸ್ ಮತ್ತು ಬ್ರಯನ್ ಕೊಬಿಲ್ಕಾ ಅವರಿಗೆ ೨೦೧೨ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಜೀವಕೋಶದ ಪೊರೆಯನ್ನು ಏಳು ಸಲ ಹೊಲಿದಂತೆ ಒಳಕ್ಕೂ ಹೊರಕ್ಕೂ ಹಾಯುವ ಒಂದು ಪ್ರೋಟೀನು ಅದು. ನಡುವೆ ಅಡ್ರಿನಲಿನ್ನಿಗೆ ಸರಿಯಾಗಿ ಹಿಡಿಸುವ ಒಂದು ಗುಂಡಿ. ಮಾವನವರಿಗೆ ಅದರ ಚಿತ್ರವನ್ನು ತೋರಿಸಿದೆವು. ಅವರು ಕನ್ನಡಕವನ್ನು ಏರಿಸಿಕೊಂಡು ಬಹಳ ಹೊತ್ತು ನೋಡಿ, "ಇಷ್ಟು ಸಣ್ಣ ಬಾಗಿಲಿಗೆ ಇಷ್ಟು ಗಲಾಟೆಯೇ?" ಎಂದರು. ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಪ್ರತಿ ದಿನದ ಚೌಕದೊಳಗೂ ನಾಡಿಯ ಮತ್ತು ಒತ್ತಡದ ಅಂಕೆಗಳಿರುತ್ತವೆ. ಗುಳಿಗೆಗಳು ಮುಗಿಯುವುದಕ್ಕೆ ಐದು ದಿನ ಮುಂಚಿನ ಚೌಕಕ್ಕೆ ಕೆಂಪು ಶಾಯಿಯ ಸುತ್ತು.